ಚಪ್ಪಟೆ ತಳದ ಎಲ್‌ಎಸ್‌ಟಿ-325: ಒಂದು ಯುದ್ಧನೌಕೆಯ ಸೇವಾ ಚರಿತ್ರೆ

1940ರ ಮೇ-ಜೂನ್‌ನಲ್ಲಿ ಡಂಕರ್ಕ್‌ನಿಂದ ಹಿಂದೆ ಸರಿದ ಬ್ರಿಟಿಷ್ ಸೇನೆ ತನ್ನ ಸೈನಿಕರನ್ನು ಉಳಿಸಿಕೊಂಡಿತಾದರೂ ಟ್ಯಾಂಕು, ಫಿರಂಗಿ, ಲಾರಿಗಳನ್ನು ಫ್ರಾನ್ಸಿನ ನೆಲದಲ್ಲೇ ಬಿಟ್ಟು ಬರಬೇಕಾಯಿತು. ಬಂದರುಗಳೆಲ್ಲ ಶತ್ರುವಿನ ವಶದಲ್ಲಿರುವಾಗ ಮತ್ತೆ ಯುರೋಪಿಗೆ ಕಾಲಿಡಬೇಕೆಂದರೆ, ಬರಿಯ ಮರಳದಂಡೆಯ ಮೇಲೆ ಟ್ಯಾಂಕುಗಳನ್ನು ಇಳಿಸಬಲ್ಲ, ಜೊತೆಗೆ ಅಟ್ಲಾಂಟಿಕ್ ಸಾಗರವನ್ನೂ ದಾಟಬಲ್ಲ ಹಡಗು ಬೇಕಿತ್ತು. ಈ ಎರಡು ಬೇಡಿಕೆಗಳು ಒಂದಕ್ಕೊಂದು ವಿರುದ್ಧವಾಗಿದ್ದವು. ಸಾಗರ ದಾಟುವ ಹಡಗಿನ ತಳ ನೀರಿನಲ್ಲಿ ಆಳವಾಗಿ ಇಳಿದಿರಬೇಕು. ದಂಡೆಗೆ ಏರುವ ಹಡಗಿನ ತಳ ಆದಷ್ಟೂ ಮೇಲಿರಬೇಕು.

ಬ್ರಿಟನ್ನಿನ ಕೋರಿಕೆ ತಲುಪಿದ ಮೇಲೆ 1941ರ ನವೆಂಬರಿನಲ್ಲಿ ಅಮೆರಿಕದ ನೌಕಾಪಡೆಯ ವಿನ್ಯಾಸಕಾರ ಜಾನ್ ನೀಡರ್ಮೇಯರ್ ಇದಕ್ಕೆ ಒಂದು ದಾರಿ ಕಂಡುಕೊಂಡರು. ಹಡಗಿನ ತಳವನ್ನು ಚಪ್ಪಟೆಯಾಗಿಯೇ ಇಟ್ಟು, ಒಡಲಿನಲ್ಲಿ ದೊಡ್ಡ ನೀರಿನ ತೊಟ್ಟಿಗಳನ್ನು ಕಟ್ಟಬೇಕು. ನಡುಗಡಲಿನಲ್ಲಿ ಅವುಗಳಿಗೆ ಸಮುದ್ರದ ನೀರು ತುಂಬಿದರೆ ಹಡಗು ತೂಕ ಪಡೆದು ಆಳಕ್ಕಿಳಿಯುತ್ತದೆ, ದಂಡೆ ಸಮೀಪಿಸಿದಾಗ ನೀರನ್ನು ಪಂಪಿನಿಂದ ಹೊರಹಾಕಿದರೆ ಮೇಲೇಳುತ್ತದೆ. ಹೀಗೆ ಹಗುರಾದ ಹಡಗಿನ ಮುಂಭಾಗಕ್ಕೆ ನಾಲ್ಕಡಿಯಷ್ಟು ನೀರಿದ್ದರೆ ಸಾಕು. ದಂಡೆ ಮುಟ್ಟುವ ಮೊದಲೇ ಹಿಂಭಾಗದಿಂದ ಒಂದು ಲಂಗರು ಇಳಿಬಿಟ್ಟಿರುತ್ತಾರೆ. ಮುಂದಿನ ಎರಡು ಬಾಗಿಲುಗಳು ತೆರೆದು, ಇಳಿಜಾರು ಹಲಗೆ ಕೆಳಗಿಳಿದು, ವಾಹನಗಳೆಲ್ಲ ಹೊರಟ ಮೇಲೆ ಅದೇ ಲಂಗರಿನ ಹಗ್ಗವನ್ನು ಯಂತ್ರದಿಂದ ಸುತ್ತುತ್ತ ಹಡಗು ತನ್ನನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ.

‘ಲ್ಯಾಂಡಿಂಗ್ ಶಿಪ್, ಟ್ಯಾಂಕ್’ (ಟ್ಯಾಂಕು ಇಳಿಸುವ ಹಡಗು), ಚಿಕ್ಕದಾಗಿ ಎಲ್‌ಎಸ್‌ಟಿ, ಎಂದು ಕರೆಯಲಾದ ಈ ಬಗೆಯ 1,051 ಹಡಗುಗಳನ್ನು ಅಮೆರಿಕ ಕಟ್ಟಿತು. ಅವುಗಳಲ್ಲೊಂದಾದ ಎಲ್‌ಎಸ್‌ಟಿ-325 ಫಿಲಡೆಲ್ಫಿಯಾದಲ್ಲಿ ಸಿದ್ಧವಾಗಿ 1943ರ ಫೆಬ್ರವರಿ 1ರಂದು ಸೇವೆಗೆ ಸೇರಿತು. 328 ಅಡಿ ಉದ್ದ, 50 ಅಡಿ ಅಗಲದ ಈ ಹಡಗಿನ ವೇಗ ಹೆಚ್ಚೆಂದರೆ 12 ನಾಟ್. ಎಲ್‌ಎಸ್‌ಟಿ ಎಂದರೆ ‘ಲಾರ್ಜ್ ಸ್ಲೋ ಟಾರ್ಗೆಟ್’ (ದೊಡ್ಡ, ನಿಧಾನದ ಗುರಿ) ಎಂದು ನಾವಿಕರು ಗೇಲಿ ಮಾಡುತ್ತಿದ್ದರು. ಆದರೆ ಒಟ್ಟು ಹಡಗುಗಳಲ್ಲಿ ಶತ್ರುವಿನ ದಾಳಿಗೆ ಬಲಿಯಾದವು 26 ಮಾತ್ರ.

ಇಟಲಿಯ ಸಿಸಿಲಿ, ಸಲೆರ್ನೊ ಕಾರ್ಯಾಚರಣೆಗಳ ನಂತರ 325 ಇಂಗ್ಲೆಂಡಿಗೆ ಬಂದು, 1944ರ ಜೂನ್‌ನಲ್ಲಿ ನಾರ್ಮಂಡಿಯ ಒಮಾಹ ದಂಡೆಗೆ ಎರಡನೇ ಸರದಿಯ ಪಡೆಗಳನ್ನು ಹೊತ್ತು ತಂದಿತು. ಜೂನ್ 12ರಂದು ತೆಗೆದ ಒಂದು ಪ್ರಸಿದ್ಧ ಛಾಯಾಚಿತ್ರದಲ್ಲಿ, ಇಳಿತಕ್ಕೆ ಕಡಲು ಹಿಂದೆ ಸರಿದಿರುವಾಗ ಇದು ಇನ್ನೊಂದು ಎಲ್‌ಎಸ್‌ಟಿಯ ಪಕ್ಕದಲ್ಲಿ ಮರಳಿನ ಮೇಲೆ ಕುಳಿತು ಸರಕು ಇಳಿಸುತ್ತಿರುವುದು ಕಾಣುತ್ತದೆ. ಬೇರೆ ಹಡಗಿಗಾದರೆ ಅದು ಅಪಘಾತ. ಇದಕ್ಕೆ ದಿನನಿತ್ಯದ ಕೆಲಸ, ಉಬ್ಬರ ಬಂದೊಡನೆ ತೇಲಿ ಹೊರಡುವುದಷ್ಟೇ ಬಾಕಿ. ಮುಂದಿನ ವರ್ಷದ ಏಪ್ರಿಲ್‌ವರೆಗೆ ಅದು ಇಂಗ್ಲೆಂಡ್ ಮತ್ತು ಫ್ರಾನ್ಸಿನ ನಡುವೆ ನಲವತ್ತಕ್ಕೂ ಹೆಚ್ಚು ಸಲ ಹೋಗಿ ಬಂದಿತು. 1944ರ ಡಿಸೆಂಬರ್ 28ರಂದು ಟಾರ್ಪಿಡೊ ತಗುಲಿದ ‘ಎಂಪೈರ್ ಜಾವೆಲಿನ್’ ಹಡಗಿನಿಂದ ಸುಮಾರು 700 ಮಂದಿಯನ್ನು ರಕ್ಷಿಸಲು ನೆರವಾದದ್ದೂ ಇದೇ ಅವಧಿಯಲ್ಲಿ.

ದಂಡೆಯಲ್ಲಿ ಅನುಕೂಲವಾದ ಚಪ್ಪಟೆ ತಳ ತೆರೆದ ಸಾಗರದಲ್ಲಿ ಒಳ್ಳೆಯದಲ್ಲ. 1945ರ ಮೇನಲ್ಲಿ ಬೆಲ್‌ಫಾಸ್ಟ್‌ನಿಂದ ತಾಯ್ನಾಡಿಗೆ ಮರಳುವಾಗ ಬಿರುಗಾಳಿಗೆ ಸಿಲುಕಿ, ಹೆದ್ದೆರೆಯೊಂದಕ್ಕೆ ಮೂತಿ ಕೊಟ್ಟ ಹಡಗಿನ ಮೇಲ್ಡೆಕ್ಕು ಅಡ್ಡಡ್ಡ ಬಿರುಕು ಬಿಟ್ಟಿತು. ಬಿರುಕು ಹಬ್ಬುತ್ತಿರುವಾಗಲೇ ಸಿಬ್ಬಂದಿ ಅದರ ಮೇಲೆ ಉಕ್ಕಿನ ತಗಡುಗಳನ್ನು ಬೆಸೆದು ಹಡಗನ್ನು ಉಳಿಸಿಕೊಂಡರು.

1946ರಲ್ಲಿ ಸೇವೆಯಿಂದ ಬಿಡುಗಡೆಯಾದ ಹಡಗನ್ನು 1951ರಲ್ಲಿ ಮತ್ತೆ ಹೊರತೆಗೆದು, ಕೆನಡಾದ ಪೂರ್ವ ಕರಾವಳಿ ಮತ್ತು ಪಶ್ಚಿಮ ಗ್ರೀನ್‌ಲೆಂಡಿನಲ್ಲಿ ರಾಡಾರ್ ಠಾಣೆಗಳನ್ನು ಕಟ್ಟುವ ಕೆಲಸಕ್ಕೆ ಹಚ್ಚಲಾಯಿತು. 1964ರಲ್ಲಿ ಅದು ಗ್ರೀಸಿಗೆ ಹೋಗಿ ‘ಸೀರೋಸ್’ ಎಂಬ ಹೆಸರಿನಲ್ಲಿ 1999ರವರೆಗೆ ದುಡಿಯಿತು. ಅತ್ಯಂತ ದೀರ್ಘವಾದ ಈ ಅಧ್ಯಾಯದ ಬಗ್ಗೆ ಬರೆದವರು ಕಡಿಮೆ. ಯುದ್ಧದ ಕೀರ್ತಿಗಿಂತ, ದ್ವೀಪಗಳೇ ತುಂಬಿದ ದೇಶವೊಂದಕ್ಕೆ ಬಂದರಿನ ಹಂಗಿಲ್ಲದ ಹಡಗಿನ ಅಗತ್ಯವಿದ್ದುದರಿಂದಲೇ ಇದು ಗುಜರಿ ಸೇರದೆ ಉಳಿಯಿತೆಂದು ನನಗನ್ನಿಸುತ್ತದೆ. ಸ್ವತಂತ್ರ ಭಾರತವೂ 1949ರಲ್ಲಿ ಬ್ರಿಟನ್ನಿನಿಂದ ಇಂಥದೇ ಯುದ್ಧಕಾಲದ ಹಡಗೊಂದನ್ನು ಪಡೆದು ‘ಮಗರ್’ ಎಂಬ ಹೆಸರಿನಲ್ಲಿ ಬಳಸಿಕೊಂಡಿತ್ತು.

2000ದಲ್ಲಿ ಅಮೆರಿಕದ ಮಾಜಿ ನಾವಿಕರ ಸಂಘವೊಂದು ಹಡಗನ್ನು ಪಡೆದುಕೊಂಡಿತು. ಕ್ಯಾಪ್ಟನ್ ರಾಬರ್ಟ್ ಜಾರ್ನ್‌ಲಿನ್ ನೇತೃತ್ವದಲ್ಲಿ, ಸರಾಸರಿ 72 ವರ್ಷ ವಯಸ್ಸಿನ ಸಿಬ್ಬಂದಿ ಅದನ್ನು ತಾವೇ ದುರಸ್ತಿ ಮಾಡಿ, ನವೆಂಬರಿನಲ್ಲಿ ಕ್ರೀಟ್‌ನಿಂದ ಹೊರಟು, ಚಳಿಗಾಲದ ಅಟ್ಲಾಂಟಿಕ್ ದಾಟಿ, 2001ರ ಜನವರಿ 10ರಂದು ಅಲಬಾಮಾದ ಮೊಬೀಲ್ ಬಂದರು ತಲುಪಿಸಿದರು.

2005ರಿಂದ ಅದರ ನೆಲೆ ಇಂಡಿಯಾನಾ ರಾಜ್ಯದ ಇವಾನ್ಸ್‌ವಿಲ್. ಸಮುದ್ರದಿಂದ ಬಹುದೂರದ ಈ ಊರಿಗೂ ಎಲ್‌ಎಸ್‌ಟಿಗಳಿಗೂ ಹಳೆಯ ನಂಟಿದೆ: ಯುದ್ಧಕಾಲದಲ್ಲಿ ಇಲ್ಲಿನ ಕಾರ್ಖಾನೆ 167 ಎಲ್‌ಎಸ್‌ಟಿಗಳನ್ನು ಕಟ್ಟಿ ಓಹಿಯೊ ನದಿಯ ಮೂಲಕವೇ ಕಡಲಿಗೆ ಕಳಿಸಿತ್ತು. ಆಳ ಕಡಿಮೆಯಿದ್ದರೂ ಸಾಕೆನ್ನುವ ತಳದಿಂದಾಗಿಯೇ ಅದು ಸಾಧ್ಯವಾಗಿತ್ತು. ಈಗ ವಸ್ತುಸಂಗ್ರಹಾಲಯವಾಗಿರುವ 325 ಬಹುತೇಕ ಪ್ರತಿವರ್ಷ ಸಂದರ್ಶಕರಿಗಾಗಿ, ತನ್ನ ಡೀಸೆಲ್ ಎಂಜಿನ್‌ಗಳ ಬಲದಿಂದಲೇ, ನದಿಯುದ್ದಕ್ಕೂ ಇರುವ ಬೇರೆ ಊರುಗಳಿಗೆ ಹೋಗಿ ಬರುತ್ತದೆ.