ಶಂಕರ್ ನಾಗ್ ಅವರನ್ನು ದೊಡ್ಡ ನಿರ್ದೇಶಕರೆನ್ನುವುದು ಏಕೆ?

ಪ್ರಶ್ನೆ: ಆಟೋಗಳ ಹಿಂದೆ ಅಂಟಿಸಿದ ಚಿತ್ರಗಳಿಂದ ನಮ್ಮ ತಲೆಮಾರಿಗೆ ಶಂಕರ್ ನಾಗ್ ಗೊತ್ತಿರುವುದು ನಾಯಕನಟರಾಗಿ. ಹಿರಿಯರು ಅವರನ್ನು ನಿರ್ದೇಶಕರೆಂದೇ ಹೆಚ್ಚು ಹೊಗಳಲು ಕಾರಣವೇನು?

ಉತ್ತರ: ನಟನೆ ಅವರಿಗೆ ಜನಪ್ರಿಯತೆ ತಂದುಕೊಟ್ಟಿತು, ನಿಜ, ಆದರೆ ಅವರ ಯೋಚನೆಯ ನಿಜವಾದ ಹರವು ಕಾಣುವುದು ನಿರ್ದೇಶನದಲ್ಲಿಯೇ. 1954ರಲ್ಲಿ ಉತ್ತರ ಕನ್ನಡದ ಹೊನ್ನಾವರ ಸೀಮೆಯಲ್ಲಿ ಹುಟ್ಟಿದ ಅವರು ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿ, ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಮೂಲಕ ಕನ್ನಡ ತೆರೆಗೆ ಬಂದರು. ಸ್ವಲ್ಪವೇ ಕಾಲದಲ್ಲಿ ‘ಮಿಂಚಿನ ಓಟ’ವನ್ನು ತಾವೇ ನಿರ್ದೇಶಿಸಿದರು.

1985ರ ‘ಆಕ್ಸಿಡೆಂಟ್’ ಅವರ ಧೈರ್ಯಕ್ಕೆ ಸಾಕ್ಷಿ. ಮಾದಕವಸ್ತುವಿನ ಅಮಲಿನಲ್ಲಿದ್ದ ರಾಜಕಾರಣಿಯ ಮಗ ಪಾದಚಾರಿ ದಾರಿಯಲ್ಲಿ ಮಲಗಿದ್ದ ಬಡವರ ಮೇಲೆ ಕಾರು ಹರಿಸುತ್ತಾನೆ; ಆಮೇಲೆ ಪ್ರಕರಣವನ್ನು ಮುಚ್ಚಿಹಾಕಲು ಅಧಿಕಾರ ಹೇಗೆಲ್ಲ ಕೆಲಸ ಮಾಡುತ್ತದೆ ಎಂಬುದನ್ನು ಚಿತ್ರ ಬಿಡಿಸಿ ತೋರಿಸುತ್ತದೆ. ಆ ತಂದೆಯ ಪಾತ್ರಕ್ಕೆ ಅವರು ಆರಿಸಿದ್ದು ತಮ್ಮ ಅಣ್ಣ ಅನಂತ್ ನಾಗ್ ಅವರನ್ನೇ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಸಂದಿತು.

ಅವರ ಹೆಸರು ದೇಶದ ಮನೆಮನೆಗೆ ತಲುಪಿದ್ದು ಮಾತ್ರ ದೂರದರ್ಶನದ ‘ಮಾಲ್ಗುಡಿ ಡೇಸ್’ ಮೂಲಕ. ಆರ್.ಕೆ. ನಾರಾಯಣರು ಕಲ್ಪಿಸಿದ ಊರನ್ನು ಅವರು ಸ್ಟುಡಿಯೋದ ಗೋಡೆಗಳ ನಡುವೆ ಕಟ್ಟದೆ, ಮಳೆಯೂರು ಆಗುಂಬೆಗೆ ಕೊಂಡೊಯ್ದರು. ಅಲ್ಲಿಯ ದೊಡ್ಡಮನೆಯ ಕಂಬಗಳು, ಜಗುಲಿ, ಒಳಾಂಗಣಗಳೇ ಕಥೆಯ ಬಾಲಕ ಸ್ವಾಮಿಯ ಮನೆಯಾದವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಕಾರ್ನಾಡರು, ತಾಯಿಯಾಗಿ ವೈಶಾಲಿ ಕಾಸರವಳ್ಳಿ: ಹಿಂದಿಯಲ್ಲಿ ದೇಶಕ್ಕೆಲ್ಲ ಕಥೆ ಹೇಳುವಾಗಲೂ ಕನ್ನಡದ ಕಲಾವಿದರನ್ನೇ ಅವರು ಮುಂದೆ ನಿಲ್ಲಿಸಿದರು. ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳೂ ಎಲ್. ವೈದ್ಯನಾಥನ್ ಅವರ ಸಂಗೀತವೂ ಸೇರಿ ಧಾರಾವಾಹಿಗೆ ಅದರದೇ ಆದ ಗುರುತು ದೊರೆಯಿತು. ಮಕ್ಕಳ ಭಯ, ಹಠ, ಗೆಳೆತನಗಳನ್ನು ಅತಿಯಾಗಿಸದೆ ಹಿಡಿದ ಆ ಸಂಯಮವೇ, ನನ್ನ ದೃಷ್ಟಿಯಲ್ಲಿ, ಅವರ ನಿರ್ದೇಶನದ ಅತ್ಯುತ್ತಮ ಗುಣ.

ಇದರ ಜೊತೆಜೊತೆಗೇ ಅವರು ‘ಸಂಕೇತ್’ ತಂಡದಲ್ಲಿ ನಾಟಕಗಳನ್ನು ಆಡಿಸಿದರು, ಡಾ. ರಾಜ್‌ಕುಮಾರ್ ಅವರಿಗೆ ‘ಒಂದು ಮುತ್ತಿನ ಕಥೆ’ಯನ್ನು ನಿರ್ದೇಶಿಸಿದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡಿನ ಬಳಿ ನಡೆದ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ 35 ವರ್ಷ.

ನಿರ್ದೇಶಕ ಶಂಕರ್ ನಾಗ್ ಅವರನ್ನು ಅರಿಯಬಯಸುವವರು ‘ಆಕ್ಸಿಡೆಂಟ್’ ಮತ್ತು ಸ್ವಾಮಿಯ ಕಂತುಗಳನ್ನು ಒಂದಾದ ಮೇಲೊಂದರಂತೆ ನೋಡಲಿ. ಒಂದರ ಕೋಪವೂ ಇನ್ನೊಂದರ ಮಮತೆಯೂ ಒಬ್ಬರದೇ ಎಂಬುದು ಆಗ ತಿಳಿಯುತ್ತದೆ.