ಶೇ. 99 ಪಕ್ಷನಿಷ್ಠೆ: ಬ್ರಿಟನ್ನಿನ ಸಂಸದರ ಮತದಾಖಲೆ ಓದುವುದು ಹೇಗೆ?

ಓದುಗರ ಪ್ರಶ್ನೆ: ಕೆಲಸದ ಮೇಲೆ ಬ್ರಿಟನ್ನಿನಲ್ಲಿ ನೆಲೆಸಿದ್ದೇವೆ. ನಮ್ಮ ಕ್ಷೇತ್ರದ ಸಂಸದರು ನೂರಕ್ಕೆ 99 ಸಲ ಪಕ್ಷದ ಜೊತೆಗೇ ಮತ ಹಾಕಿದ್ದಾರಂತೆ. ಹಾಗಾದರೆ ಅವರಿಗೆ ಸ್ವಂತ ನಿಲುವೇ ಇಲ್ಲ ಎಂದುಕೊಳ್ಳಬಹುದೆ?

ಆ ಒಂದು ಅಂಕಿ ಹಿಡಿದುಕೊಂಡು ಹಾಗೆ ತೀರ್ಮಾನಿಸಬೇಡಿ. ನೋಡಬೇಕಾದದ್ದು ಉಳಿದ ಆ ಒಂದು ಸಲವನ್ನು. 2017ರ ಫೆಬ್ರುವರಿ 1ರಂದು ಯುರೋಪಿಯನ್ ಒಕ್ಕೂಟದಿಂದ ಹೊರಬರುವ ಪ್ರಕ್ರಿಯೆ ಶುರುಮಾಡುವ ಮಸೂದೆ 498–114ರಿಂದ ಮುಂದಿನ ಹಂತಕ್ಕೆ ಹೋಯಿತು. ಆಗ ಆಡಳಿತದಲ್ಲಿದ್ದ ಕನ್ಸರ್ವೇಟಿವ್ ಪಕ್ಷದಲ್ಲಿ ಅದನ್ನು ವಿರೋಧಿಸಿದವರು ಕೆನೆತ್ ಕ್ಲಾರ್ಕ್ ಒಬ್ಬರೇ. ಶೇಕಡಾವಾರು ಲೆಕ್ಕದಲ್ಲಿ ಆ ಮತ ಕೂದಲೆಳೆಯಷ್ಟೂ ಕಾಣುವುದಿಲ್ಲ. ಆದರೆ 1970ರಿಂದ ಸಂಸದರಾಗಿದ್ದ ಆ ಮನುಷ್ಯನನ್ನು ತಿಳಿಯಲು ಅದಕ್ಕಿಂತ ಮುಖ್ಯವಾದ ಮತ ಇಲ್ಲ.

ಮೊದಲು ಮತ ಹೇಗೆ ಬೀಳುತ್ತದೆ ಎಂಬುದು ಗೊತ್ತಿರಲಿ. ಸ್ಪೀಕರ್ ಧ್ವನಿಮತ ಕೇಳುತ್ತಾರೆ. ಎರಡೂ ಕಡೆಯಿಂದ ಕೂಗು ಎದ್ದು ಯಾರೂ ಸುಮ್ಮನಾಗದಿದ್ದರೆ ಮತವಿಭಜನೆ. ಗಂಟೆ ಬಾರಿಸಿ ಎಂಟು ನಿಮಿಷಕ್ಕೆ ಬಾಗಿಲು ಹಾಕುತ್ತಾರೆ. ಅಷ್ಟರೊಳಗೆ ಸಂಸದರು ಸಭಾಂಗಣದ ಪಕ್ಕದ ಎರಡು ಲಾಬಿಗಳಲ್ಲಿ, ಪರ ಅಥವಾ ವಿರುದ್ಧ, ಒಂದಕ್ಕೆ ಕಾಲಿಡಬೇಕು. ಹೊರಬರುವ ದಾರಿಯಲ್ಲಿ ಎರಡೂ ಕಡೆಯ ಇಬ್ಬಿಬ್ಬರು ತಲೆ ಎಣಿಸುತ್ತಾರೆ. ಎಣಿಸುವ ಆ ನಾಲ್ವರೂ ಸಂಸದರೇ. ಅವರ ಮತ ಮೊತ್ತಕ್ಕೆ ಸೇರುವುದಿಲ್ಲ, ಹೆಸರು ಬೇರೆಯಾಗಿ ಬರುತ್ತದೆ. ಪಟ್ಟಿಯಲ್ಲಿ ನಿಮ್ಮ ಸಂಸದರ ಹೆಸರು ಕಾಣದಿದ್ದರೆ ಅಲ್ಲೂ ಒಮ್ಮೆ ನೋಡಿ.

ನಮ್ಮ ಲೋಕಸಭೆಯ ಮತಯಂತ್ರದಲ್ಲಿರುವಂತೆ ತಟಸ್ಥರಿಗೆ ಅಲ್ಲಿ ಪ್ರತ್ಯೇಕ ಗುಂಡಿಯಿಲ್ಲ. ಬೇಕೆಂದೇ ಮತ ಹಾಕದವರು, ಆಸ್ಪತ್ರೆಯಲ್ಲಿದ್ದವರು, ವಿದೇಶಕ್ಕೆ ಹೋದವರು ಎಲ್ಲರೂ ‘ಮತ ದಾಖಲಾಗಿಲ್ಲ’ ಎಂಬ ಒಂದೇ ಪಟ್ಟಿಗೆ ಬೀಳುತ್ತಾರೆ. ಹೆಚ್ಚಿನವರು ಎಡವುವುದು ಇಲ್ಲೇ. 2023ರ ಜೂನ್ 19ರಂದು ಬೋರಿಸ್ ಜಾನ್ಸನ್ ಸದನವನ್ನು ದಾರಿತಪ್ಪಿಸಿದರು ಎಂಬ ವರದಿಗೆ 354–7ರಿಂದ ಒಪ್ಪಿಗೆ ಸಿಕ್ಕಿತು. ಆಗಿನ ಪ್ರಧಾನಿ ರಿಷಿ ಸುನಕ್ ಎರಡೂ ಪಟ್ಟಿಯಲ್ಲಿಲ್ಲ. ಅದನ್ನು ಜಾಣತನ ಎನ್ನಬೇಕೋ, ಬೇರೆ ಕೆಲಸ ಎನ್ನಬೇಕೋ, ದಾಖಲೆ ಹೇಳುವುದಿಲ್ಲ. ಇನ್ನು 2017ರ ಅಕ್ಟೋಬರ್ 18ರಂದು ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ಭತ್ಯೆಯ ಕುರಿತ ವಿರೋಧ ಪಕ್ಷದ ನಿರ್ಣಯ 299–0ರಿಂದ ಗೆದ್ದಿತು, ಏಕೆಂದರೆ ಮತ ಹಾಕಬೇಡಿ ಎಂದು ಆಡಳಿತ ಪಕ್ಷವೇ ತನ್ನವರಿಗೆ ಹೇಳಿತ್ತು. ಅಂದು ಗೈರಾದದ್ದೇ ನಿಷ್ಠೆ. ಲಾಬಿಗೆ ಹೋಗಿ ಪರವಾಗಿ ಮತ ಹಾಕಿದ ಕನ್ಸರ್ವೇಟಿವ್ ಸದಸ್ಯೆ ಸಾರಾ ವೊಲಾಸ್ಟನ್ ಬಂಡಾಯಗಾರ್ತಿ.

ಜೋಡಿ ಒಪ್ಪಂದವೂ ಇದೆ. ಒಂದು ಪಕ್ಷದ ಸದಸ್ಯರು ಬರಲಾಗದಿದ್ದರೆ ಎದುರು ಪಕ್ಷದವರೊಬ್ಬರೂ ಮತ ಹಾಕದೆ ಉಳಿಯುತ್ತಾರೆ. ಎರಡೂ ಕಡೆಯ ಸಚೇತಕರು ಮಾತಿನ ಮೇಲೆ ಮಾಡಿಕೊಳ್ಳುವ ಏರ್ಪಾಡು ಇದು, ಅಧಿಕೃತ ದಾಖಲೆಯಲ್ಲಿ ಬರುವುದಿಲ್ಲ. 2018ರ ಜುಲೈನಲ್ಲಿ ಹೆರಿಗೆ ರಜೆಯಲ್ಲಿದ್ದ ಜೋ ಸ್ವಿನ್ಸನ್ ಅವರ ಜೋಡಿಯಾಗಿದ್ದ ಬ್ರ್ಯಾಂಡನ್ ಲೂಯಿಸ್ ಮತ ಹಾಕಿಬಿಟ್ಟಾಗ ದೊಡ್ಡ ಗದ್ದಲವಾಯಿತು. ಮರುವರ್ಷ ಹೊಸದಾಗಿ ತಂದೆತಾಯಿಯಾದ ಸಂಸದರಿಗೆ ಬದಲಿ ಮತದ, ಅಂದರೆ ಅವರ ಪರವಾಗಿ ಇನ್ನೊಬ್ಬರು ಮತ ಹಾಕುವ ವ್ಯವಸ್ಥೆ ಬಂತು.

ಪಕ್ಷ ಏನು ಹೇಳಿತ್ತು ಎಂಬುದೂ ಅಧಿಕೃತವಾಗಿ ಪ್ರಕಟವಾಗುವುದಿಲ್ಲ. ಸಚೇತಕರು ಸದಸ್ಯರಿಗೆ ಕಳಿಸುವ ಕಾರ್ಯಪಟ್ಟಿಯಲ್ಲಿ ಮಹತ್ವದ ಮತದ ಕೆಳಗೆ ಮೂರು ಗೆರೆ ಎಳೆದಿರುತ್ತಾರೆ. ಮೂರು ಗೆರೆ ಇದ್ದರೆ ತಪ್ಪದೆ ಬರಬೇಕು, ಹೇಳಿದಂತೆ ಮತ ಹಾಕಬೇಕು. ಈ ಪಟ್ಟಿ ಹೊರಗಿನವರ ಕೈಗೆ ಸಿಗದ ಕಾರಣ ಪಕ್ಷನಿಷ್ಠೆಯ ಅಂಕಿ ತೆಗೆಯುವವರು ಪಕ್ಷದ ಬಹುಮತ ಎತ್ತ ಹೋಯಿತು ಎಂದು ನೋಡಿ, ಅದಕ್ಕೆ ಎದುರಾಗಿ ಹೋದವರನ್ನು ಬಂಡಾಯಗಾರರೆಂದು ಎಣಿಸುತ್ತಾರೆ. ಮನಸ್ಸಾಕ್ಷಿಗೆ ಬಿಟ್ಟ ಮತಗಳಲ್ಲಿ ಈ ಲೆಕ್ಕ ಪೂರ್ತಿ ಕೆಡುತ್ತದೆ. 2013ರ ಫೆಬ್ರುವರಿ 5ರಂದು ಸಲಿಂಗ ವಿವಾಹ ಮಸೂದೆ 400–175ರಿಂದ ದ್ವಿತೀಯ ವಾಚನ ದಾಟಿತು. ಕನ್ಸರ್ವೇಟಿವ್ ಪಕ್ಷದಲ್ಲಿ ವಿರೋಧಿಸಿದವರೇ ಹೆಚ್ಚು, 136 ಮಂದಿ. ಪರವಾಗಿ ಮತ ಹಾಕಿದ ಪ್ರಧಾನಿ ಡೇವಿಡ್ ಕ್ಯಾಮೆರಾನ್ ಈ ಲೆಕ್ಕದ ಪ್ರಕಾರ ತಮ್ಮ ಪಕ್ಷಕ್ಕೇ ಬಂಡಾಯಗಾರ! ದಯಾಮರಣ, ಗರ್ಭಪಾತದಂಥ ವಿಷಯಗಳನ್ನು ನಿಷ್ಠೆಯ ಲೆಕ್ಕದಿಂದ ತೆಗೆದುಹಾಕಿಯೇ ನೋಡಿ.

ವಿಪ್ ಮೀರಿದರೆ ಏನಾಗುತ್ತದೆ? 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದುದನ್ನು ಕಂಡವರು ಅಲ್ಲೂ ಸ್ಥಾನ ಹೋಗುತ್ತದೆ ಎಂದುಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಪಕ್ಷಾಂತರ ನಿಷೇಧ ಕಾಯ್ದೆಯೇ ಇಲ್ಲ. ಲೇಬರ್ ಆಳ್ವಿಕೆಯ 1997–2010ರ ನಡುವೆ ಜೆರೆಮಿ ಕಾರ್ಬಿನ್ 428 ಸಲ ಪಕ್ಷದ ವಿರುದ್ಧ ಮತ ಹಾಕಿದರು. ಆದರೂ ಸಂಸದರಾಗಿಯೇ ಉಳಿದು 2015ರಲ್ಲಿ ಅದೇ ಪಕ್ಷದ ನಾಯಕರಾದರು. ಎಲ್ಲ ಕಾಲದಲ್ಲೂ ಇಷ್ಟು ಸಡಿಲವಿಲ್ಲ. 2019ರ ಸೆಪ್ಟೆಂಬರ್ 3ರ ಒಂದೇ ಮತಕ್ಕೆ ಕ್ಲಾರ್ಕ್ ಸೇರಿ 21 ಕನ್ಸರ್ವೇಟಿವ್ ಸಂಸದರನ್ನು ಸಂಸದೀಯ ಪಕ್ಷದಿಂದ ಹೊರಹಾಕಲಾಯಿತು. 2024ರ ಜುಲೈ 23ರಂದು ಎರಡು ಮಕ್ಕಳಿಗಷ್ಟೇ ಭತ್ಯೆ ಎಂಬ ಮಿತಿ ರದ್ದಾಗಲಿ ಎಂದು ಮತ ಹಾಕಿದ ಏಳು ಲೇಬರ್ ಸದಸ್ಯರು ಆರು ತಿಂಗಳು ಅಮಾನತಾದರು. ಅಮಾನತಿನಲ್ಲಿದ್ದವರು ದಾಖಲೆಯಲ್ಲಿ ಪಕ್ಷೇತರರು, ಆ ಅವಧಿಯ ಮತಗಳನ್ನು ನಿಷ್ಠೆಯ ಲೆಕ್ಕಕ್ಕೆ ತರಬೇಡಿ. ಮಂತ್ರಿಗಳ ಮಾತು ಬೇರೆ: ಸರ್ಕಾರದ ವಿರುದ್ಧ ಮತ ಹಾಕಬೇಕೆಂದರೆ ಮೊದಲು ರಾಜೀನಾಮೆ. ಅವರ ಶೇ. 100ಕ್ಕೆ ಹೆಚ್ಚು ಅರ್ಥ ಹಚ್ಚಬೇಕಿಲ್ಲ.

ಇನ್ನು ನಿಮ್ಮ ಕೆಲಸ. ಸಂಸತ್ತಿನ ಜಾಲತಾಣದಲ್ಲಿ ಸಂಸದರ ಪುಟ ತೆರೆದು, ನಿಮಗೆ ಮುಖ್ಯವಾದ ವೀಸಾ, ತೆರಿಗೆ, ಆರೋಗ್ಯ ಸೇವೆಯಂಥ ವಿಷಯಗಳ ಐದಾರು ಮತಗಳನ್ನು ಆರಿಸಿಕೊಳ್ಳಿ. ದಿನಾಂಕ ಮತ್ತು ಮತವಿಭಜನೆಯ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದು ಇಡೀ ಮಸೂದೆಯ ಮೇಲಿನ ಮತವೋ, ಒಂದು ತಿದ್ದುಪಡಿಯ ಮೇಲಿನದೋ, ಸರ್ಕಾರವನ್ನು ಕಟ್ಟಿಹಾಕದ ವಿರೋಧ ಪಕ್ಷದ ನಿರ್ಣಯವೋ ನೋಡಿ. ತಿದ್ದುಪಡಿಯಾದರೆ ಅದರ ಪಠ್ಯವನ್ನೇ ಓದಿ. ‘ಆಹಾರ ಸುರಕ್ಷತೆಗೆ ವಿರುದ್ಧ ಮತ’ ಎಂಬ ಪೋಸ್ಟರಿನ ಹಿಂದೆ, ಮಸೂದೆಗೆ ಒಂದು ಷರತ್ತು ಸೇರಿಸಲು ಒಪ್ಪದ ಮತವಷ್ಟೇ ಇರಬಹುದು. ಅದೇ ದಿನದ ಹ್ಯಾನ್ಸಾರ್ಡ್ (ಸದನದ ಚರ್ಚೆಯ ಅಧಿಕೃತ ವರದಿ) ತೆರೆದು ಅವರು ಚರ್ಚೆಯಲ್ಲಿ ಮಾತಾಡಿದ್ದಾರೆಯೇ ಎಂದು ಹುಡುಕಿ. ಕಟುವಾಗಿ ಟೀಕಿಸಿ ಕೊನೆಗೆ ಪರ ಮತ ಹಾಕಿದವರು ಅಲ್ಲಿ ಸಿಗುತ್ತಾರೆ.

ಗೈರಿನ ಕಾರಣ ಮಾತ್ರ ಅವರನ್ನೇ ಕೇಳಿ ತಿಳಿಯಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ಕಾನೂನುಬದ್ಧವಾಗಿ ನೆಲೆಸಿದವರಿಗೂ ಕಾಮನ್‌ವೆಲ್ತ್ ಪ್ರಜೆಗಳೆಂದು ಸಂಸತ್ ಚುನಾವಣೆಯಲ್ಲಿ ಮತದ ಹಕ್ಕಿದೆ. ಹಾಗಾಗಿ ಧೈರ್ಯವಾಗಿ ಇಮೇಲ್ ಬರೆಯಿರಿ. ಒಂದು ಪತ್ರಕ್ಕೆ ಒಂದೇ ಮತ, ದಿನಾಂಕದ ಸಮೇತ. ಮನೆಯ ಪೂರ್ತಿ ವಿಳಾಸ, ಪೋಸ್ಟ್‌ಕೋಡ್ ಮರೆಯಬೇಡಿ. ಅವಿಲ್ಲದಿದ್ದರೆ ನೀವು ಆ ಕ್ಷೇತ್ರದವರೆಂದು ಕಚೇರಿಗೆ ಗೊತ್ತಾಗುವುದಿಲ್ಲ, ಉತ್ತರವೂ ಬಾರದೆ ಹೋಗಬಹುದು.