ಸ್ಯಾನಿಟೈಸರ್ ಹಚ್ಚಿಕೊಂಡರೂ ಮನೆಮಂದಿಗೆಲ್ಲ ವಾಂತಿಭೇದಿ ಹರಡಿದ್ದು ಹೇಗೆ?

ಪ್ರಶ್ನೆ: ಮೊದಲು ಮಗನಿಗೆ ರಾತ್ರಿ ವಾಂತಿ ಶುರುವಾಯಿತು, ಬೆಳಗಾಗುವಷ್ಟರಲ್ಲಿ ಭೇದಿ. ಎರಡು ದಿನ ಕಳೆಯುವುದರೊಳಗೆ ನನಗೆ, ಅತ್ತೆಗೆ, ಕೊನೆಗೆ ನಮ್ಮ ಯಜಮಾನರಿಗೂ ಬಂತು. ಎಲ್ಲರೂ ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳುತ್ತಲೇ ಇದ್ದೆವು. ನೆಲಕ್ಕೆ ದಿನಾ ಫಿನಾಯಿಲ್ ಹಾಕಿ ಒರೆಸಿದ್ದೇನೆ. ಆದ್ರೂ ಹೇಗೆ ಹರಡಿತು?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಕೇಳುವವರೆಲ್ಲ ಸ್ವಚ್ಛತೆಯ ವಿಷಯದಲ್ಲಿ ಸೋಮಾರಿಗಳಲ್ಲ, ಜಾಸ್ತಿ ಜಾಗ್ರತೆ ಮಾಡುವವರೇ. ತೊಂದರೆ ಇರುವುದು ಅವರು ನಂಬಿದ ಬಾಟಲಿಗಳಲ್ಲಿ. ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಇಷ್ಟು ಬೇಗ ದಾಟುವ ವಾಂತಿಭೇದಿಗೆ ಬಹಳ ಸಲ ಕಾರಣ ನೋರೋವೈರಸ್ ಅಥವಾ ರೋಟಾವೈರಸ್. ಅದರಲ್ಲೂ ನೋರೋ ಸ್ಯಾನಿಟೈಸರಿಗೆ ಅಷ್ಟಾಗಿ ಬಗ್ಗುವುದಿಲ್ಲ. ಫಿನಾಯಿಲ್ ಅಂತೂ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಯಾಕೆ ಅಂದರೆ, ವೈರಸ್‌ಗಳಲ್ಲಿ ಎರಡು ಜಾತಿ. ಫ್ಲೂ, ಕೊರೊನಾದಂಥವುಗಳ ಮೈಮೇಲೆ ಕೊಬ್ಬಿನ ತೆಳು ಪದರ ಇರುತ್ತದೆ. ತುಪ್ಪದ ಜಿಡ್ಡು ಹತ್ತಿದ ಲೋಟಕ್ಕೆ ಸೋಪು ಹಾಕಿದರೆ ಏನಾಗುತ್ತದೋ ಆ ಪದರಕ್ಕೂ ಅದೇ ಆಗುತ್ತದೆ. ಪದರ ಹೋದರೆ ವೈರಸ್ ಕೆಲಸಕ್ಕೆ ಬಾರದು. ಆಲ್ಕೋಹಾಲ್ ಕೂಡ ಅದನ್ನು ಸುಲಭವಾಗಿ ಕೆಡಿಸುತ್ತದೆ. ಹಾಗಾಗಿ 2020ರಲ್ಲಿ ಸ್ಯಾನಿಟೈಸರ್ ಹಚ್ಚಿ ಅಂದಿದ್ದು ಸರಿಯಾಗಿಯೇ ಇತ್ತು. ಇನ್ನೊಂದು ಜಾತಿಗೆ ಈ ಕೊಬ್ಬಿನ ಪದರವೇ ಇಲ್ಲ, ಹೊರಗೆ ಗಟ್ಟಿ ಪ್ರೋಟೀನಿನ ಚಿಪ್ಪು ಮಾತ್ರ. ನೋರೋ, ರೋಟಾ, ಕಾಮಾಲೆ ತರುವ ಹೆಪಟೈಟಿಸ್ ಎ, ಚಿಕ್ಕ ಮಕ್ಕಳ ಅಂಗೈ ಅಂಗಾಲು ಬಾಯಿಯಲ್ಲಿ ಗುಳ್ಳೆ ಎಬ್ಬಿಸುವ ವೈರಸ್‌ಗಳು, ಪೋಲಿಯೋ, ಎಲ್ಲ ಇದೇ ಗುಂಪು. ಗುಂಪಿನೊಳಗೂ ಎಲ್ಲವೂ ಒಂದೇ ಸಮ ಗಟ್ಟಿ ಅಲ್ಲ. ರೋಟಾಗೆ ಆಲ್ಕೋಹಾಲ್ ಸ್ವಲ್ಪ ಮಟ್ಟಿಗೆ ತಾಗುತ್ತದೆ, ನೋರೋಗೆ ಅದನ್ನು ನಂಬಿ ಕೂರುವಂತಿಲ್ಲ.

ನೋರೋ ಹೊಸದೇನೂ ಅಲ್ಲ. 1968ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ನಾರ್ವಾಕ್ ಊರಿನ ಒಂದು ಶಾಲೆಯಲ್ಲಿ ಮಕ್ಕಳು, ಶಿಕ್ಷಕರು ಸಾಲುಸಾಲಾಗಿ ವಾಂತಿ ಮಾಡಿಕೊಂಡರು. ವೈರಸ್ ಮೈಕ್ರೋಸ್ಕೋಪಿಗೆ ಸಿಕ್ಕಿದ್ದು 1972ರಲ್ಲಿ. ಊರಿನ ಹೆಸರೇ ಅದಕ್ಕೆ ಅಂಟಿತು. ನಮ್ಮ ಪಕ್ಕದಲ್ಲೇ, ಕೊಡಗಿನ ಗಡಿಯಾಚೆ ವಯನಾಡಿನಲ್ಲಿ, 2021ರ ನವೆಂಬರಿನಲ್ಲಿ ವಿದ್ಯಾರ್ಥಿಗಳಲ್ಲಿ ಕಾಣಿಸಿಕೊಂಡಾಗ ಪೇಪರಿನಲ್ಲೆಲ್ಲ ಬಂತು. ನಮ್ಮ ಮನೆಗಳಲ್ಲಿ ಇದಕ್ಕೆ ಹೆಸರೇ ಇರುವುದಿಲ್ಲ. ನೀರು ಬದಲಾಯಿತು, ಮದುವೆಮನೆ ಊಟ ಆಗಿಬರಲಿಲ್ಲ, ಮಗುವಿಗೆ ದೃಷ್ಟಿ ತಾಗಿದೆ, ಹೀಗೆ ಏನೋ ಒಂದು ಹೇಳಿ ಮುಗಿಸುತ್ತೇವೆ. ಮನೆಯ ಉಳಿದವರಿಗೆ ಯಾರಿಂದ ಹೇಗೆ ಬಂತು ಅಂತ ಯೋಚಿಸುವುದೇ ಇಲ್ಲ.

ಈಗ ಲೆಕ್ಕ ನೋಡಿ. ನೋರೋ ತಗಲಿದವರ ಒಂದು ಗ್ರಾಂ ಮಲದಲ್ಲಿ ವೈರಸ್ ಕೋಟಿಗಟ್ಟಲೆ ಇರುತ್ತವೆ. ಇನ್ನೊಬ್ಬರಿಗೆ ಕಾಯಿಲೆ ಬರಲು ಹತ್ತಿಪ್ಪತ್ತು ಕಣ ಹೊಟ್ಟೆಗೆ ಹೋದರೂ ಸಾಕಾಗಬಹುದು. ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ 99.9% ಅಂತ ಬರೆದಿರುತ್ತಾರಲ್ವಾ? ಅದನ್ನು ಹಾಗೇ ಒಪ್ಪಿಕೊಂಡರೂ ಒಂದು ಕೋಟಿಯಲ್ಲಿ ಹತ್ತು ಸಾವಿರ ಉಳಿದುಬಿಡುತ್ತವೆ. ಅದೂ ಆ ಸಂಖ್ಯೆ ಹೆಚ್ಚಾಗಿ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷೆ ಮಾಡಿ ಬಂದದ್ದು.

ಹಾಗಾದರೆ ಸೋಪು ನೋರೋವನ್ನು ಕೊಲ್ಲುತ್ತದಾ? ಇಲ್ಲ. ಬಹಳ ಜನಕ್ಕೆ ಇದು ಆಶ್ಚರ್ಯ. ಸೋಪು ಅದನ್ನು ಚರ್ಮದಿಂದ ಬಿಡಿಸುತ್ತದೆ, ಉಜ್ಜುವುದು ಅದನ್ನು ಸಡಿಲ ಮಾಡುತ್ತದೆ, ಹರಿಯುವ ನೀರು ಬಚ್ಚಲಿಗೆ ಕೊಂಡೊಯ್ಯುತ್ತದೆ. ಕೊಲ್ಲುವ ಕೆಲಸ ಅಲ್ಲ, ಸಾಗಿಸುವ ಕೆಲಸ. ಅದಕ್ಕೇ ಇಲ್ಲಿ ಸೋಪಿನ ಬ್ರಾಂಡಿಗಿಂತ ಉಜ್ಜುವ ಸಮಯ ಮುಖ್ಯ, ಇಪ್ಪತ್ತು ಸೆಕೆಂಡ್ ಬೇಕು. ಬಿಸಿನೀರೇ ಆಗಬೇಕೆಂದಿಲ್ಲ, ತಣ್ಣೀರು ನಡೆಯುತ್ತದೆ. ಆಂಟಿಬ್ಯಾಕ್ಟೀರಿಯಲ್ ಸೋಪಿಗೆ ಜಾಸ್ತಿ ದುಡ್ಡು ಕೊಡಬೇಡಿ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಟ್ರೈಕ್ಲೋಸಾನ್ ಸೇರಿದಂತೆ ಇಂಥ 19 ರಾಸಾಯನಿಕಗಳನ್ನು ಕೈ ತೊಳೆಯುವ ಸೋಪುಗಳಲ್ಲಿ ಹಾಕಬಾರದು ಅಂದಿತು. ಸಾದಾ ಸೋಪಿಗಿಂತ ಅವು ಮೇಲು ಅಂತ ತೋರಿಸಲು ಕಂಪನಿಗಳಿಗೆ ಆಗಲಿಲ್ಲ. ಅಷ್ಟಕ್ಕೂ ವೈರಸ್ ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ.

ಕೈ ಎಲ್ಲಿ ಸರಿಯಾಗಿ ತೊಳೆಯುವುದಿಲ್ಲ ಅಂತ ಗೊತ್ತಾಗಬೇಕಾದರೆ ಚಪಾತಿ ಹಿಟ್ಟು ಕಲಸಿದ ದಿನ ನೋಡಿಕೊಳ್ಳಿ. ನಲ್ಲಿ ಕೆಳಗೆ ಕೈ ತಿಕ್ಕಿ ಬಂದಿರುತ್ತೀರಿ, ಅಂಗೈ ಫಳಫಳ. ಆದರೆ ಉಗುರಿನ ಅಂಚಿನಲ್ಲಿ, ಉಂಗುರದ ಕೆಳಗೆ, ಹೆಬ್ಬೆರಳಿನ ಬುಡದಲ್ಲಿ ಹಿಟ್ಟು ಒಣಗಿ ಬಿಳಿಚಾಗಿ ಕೂತಿರುತ್ತದೆ. ಕಣ್ಣಿಗೆ ಕಾಣುವ ಹಿಟ್ಟೇ ಅಲ್ಲಿ ಉಳಿಯುತ್ತದೆ ಅಂದ ಮೇಲೆ ವೈರಸ್ ಉಳಿಯದೇ ಇರುತ್ತದಾ? ಮನೆಯಲ್ಲಿ ಕಾಯಿಲೆ ಇರುವಷ್ಟು ದಿನ ಉಂಗುರ ತೆಗೆದಿಡಿ, ಉಗುರು ಕತ್ತರಿಸಿಕೊಳ್ಳಿ. ಬೆರಳ ತುದಿಗಳನ್ನು ಇನ್ನೊಂದು ಅಂಗೈಯ ನೊರೆಯಲ್ಲಿ ಗೀರಿದ ಹಾಗೆ ಉಜ್ಜಿ.

ಇನ್ನೊಂದು ನಮ್ಮದೇ ನಂಬಿಕೆ ಇದೆ. ಶೌಚಕ್ಕೆ ಎಡಗೈ, ಊಟಕ್ಕೆ ಬಲಗೈ, ಹಾಗಾಗಿ ಬಲಗೈ ಚೊಕ್ಕ ಅಂತ. ಪದ್ಧತಿ ಒಳ್ಳೆಯದೇ. ಆದರೆ ಎಡಗೈಯಲ್ಲಿ ತಿರುಗಿಸಿದ ನಲ್ಲಿಯನ್ನು ಮುಚ್ಚುವುದು ಯಾವ ಕೈ? ಬಚ್ಚಲುಮನೆಯ ಚಿಲಕ ತೆಗೆಯುವುದು? ಕೊಳೆ ಕೈಯಲ್ಲಿ ನಲ್ಲಿ ತೆರೆದು, ಕೈ ಚೆನ್ನಾಗಿ ತೊಳೆದು, ಅದೇ ನಲ್ಲಿಯನ್ನು ತೊಳೆದ ಕೈಯಲ್ಲಿ ಮುಚ್ಚಿ ಹೊರಗೆ ಬರುತ್ತೇವೆ. ಕೈ ಜೊತೆ ನಲ್ಲಿಯ ತಲೆಗೂ ನೊರೆ ಹಚ್ಚಿ ನೀರು ಹಾಕಿಬಿಡಿ, ಅಲ್ಲಿಗೆ ಮುಗಿಯಿತು. ನಲ್ಲಿಯಲ್ಲಿ ನೀರು ಬರದ ಕಡೆ, ಬಕೆಟ್ ಮಗ್ ಇರುವ ಮನೆಗಳಲ್ಲಿ, ಮಗ್ಗಿನ ಹಿಡಿಗೂ ಇದೇ ಮಾತು. ಬಕೆಟ್ಟಿನೊಳಗೆ ಕೈ ಅದ್ದಿ ತೊಳೆಯುವುದಂತೂ ಬೇಡ, ಇನ್ನೊಬ್ಬರು ನೀರು ಹೊಯ್ಯಲಿ.

ತೊಳೆದ ಕೈಯನ್ನು ಎಲ್ಲಿ ಒರೆಸುತ್ತೀರಿ? ನನ್ನ ಪ್ರಕಾರ ಅರ್ಧ ಕಾಯಿಲೆ ಹರಡುವುದು ಇಲ್ಲಿ. ಅಡುಗೆಮನೆಯಲ್ಲಿ ಒಂದು ಒರೆಸುವ ಬಟ್ಟೆ ಯಾವಾಗಲೂ ಒದ್ದೆಯಾಗಿ ಬಿದ್ದಿರುತ್ತದೆ. ಅದೇ ಬಟ್ಟೆ ಕಟ್ಟೆ ಒರೆಸುತ್ತದೆ, ಚೆಲ್ಲಿದ ಹಾಲು ಒರೆಸುತ್ತದೆ, ತಟ್ಟೆ ಒರೆಸುತ್ತದೆ, ನಡುನಡುವೆ ಕೈಯನ್ನೂ. ಅಮ್ಮಂದಿರ ಸೆರಗಿನ ಕಥೆಯೂ ಅಷ್ಟೇ, ಮಗುವಿನ ಅಂಡು ತೊಳೆಸಿ ಬಂದು ಒದ್ದೆ ಕೈ ಸೆರಗಿಗೆ, ಹತ್ತು ನಿಮಿಷ ಬಿಟ್ಟು ಇನ್ನೊಂದು ಮಗುವಿನ ಬಾಯಿ ಅದೇ ಸೆರಗಿನಲ್ಲಿ. ಒದ್ದೆ ಕೈಯಿಂದ ಸೂಕ್ಷ್ಮಜೀವಿಗಳು ಒಣ ಕೈಗಿಂತ ಸಲೀಸಾಗಿ ದಾಟುತ್ತವೆ. ಹಾಗಾಗಿ ಒರೆಸಿಕೊಳ್ಳುವುದು ಬೇಕು, ಆದರೆ ಬಟ್ಟೆ ಬೇರೆ ಬೇರೆ ಇರಲಿ. ಕಾಯಿಲೆಯವರ ಟವೆಲ್ ಬೇರೆ ಕಡೆ ನೇತುಹಾಕಿ. ಅಡುಗೆಮನೆ ಬಟ್ಟೆಯನ್ನು ದಿನಾ ಕುದಿಸಿ ಬಿಸಿಲಿಗೆ ಹಾಕಿ.

ಊಟದ ವಿಷಯಕ್ಕೆ ಬಂದರೆ ಸ್ವಲ್ಪ ಕಷ್ಟದ ಮಾತು. ಕಾಯಿಲೆ ಬಂದವರು ವಾಂತಿಭೇದಿ ಪೂರ್ತಿ ನಿಂತ ಮೇಲೂ 48 ಗಂಟೆ ಅಡುಗೆ ಮಾಡಬಾರದು, ಬಡಿಸಬಾರದು. ಅಮ್ಮನಿಗೇ ಬಂದರೆ? ಎರಡು ದಿನ ಮನೆಯ ಗಂಡಸರು ಅನ್ನ ಸಾರು ಮಾಡಿದರೆ ಯಾರೂ ಸಾಯುವುದಿಲ್ಲ. ಮಕ್ಕಳನ್ನು ಸುತ್ತ ಕೂರಿಸಿಕೊಂಡು ಅಜ್ಜಿ ಕೊಡುವ ಕೈತುತ್ತಿಗೆ ಆ ಕೆಲವು ದಿನ ರಜೆ ಕೊಡಿ. ಮೊಸರನ್ನ ಕಲಸಿದ ಕೈಯೊಂದೇ ಎಲ್ಲರ ಅಂಗೈಗೂ ಹೋಗುತ್ತದೆ, ಅಜ್ಜಿಗೆ ಹೊಟ್ಟೆ ಕೆಟ್ಟಿದ್ದರೆ ಕೇಳುವುದೇ ಬೇಡ. ಕುಡಿಯುವ ನೀರಿನ ಕೊಡದೊಳಗೆ ಎಲ್ಲರೂ ಲೋಟ ಅದ್ದುವುದನ್ನೂ ನಿಲ್ಲಿಸಿ. ಉದ್ದ ಹಿಡಿಯ ಸೌಟು ಇಡಿ ಅಥವಾ ನಲ್ಲಿ ಇರುವ ಡ್ರಮ್ಮಿಗೆ ಬದಲಾಯಿಸಿ. ಲೋಟ ಎತ್ತಿ ಕುಡಿಯುವ ನಮ್ಮ ಅಭ್ಯಾಸ ಒಳ್ಳೆಯದು, ಆದರೆ ಎಂಜಲು ತಪ್ಪಿದರೂ ಬೆರಳು ನೀರಿಗೆ ಅದ್ದಿರುತ್ತದಲ್ಲ.

ಇನ್ನು ನೆಲ. ಯಾರಾದರೂ ವಾಂತಿ ಮಾಡಿಕೊಂಡ ತಕ್ಷಣ ನಾವು ಮಾಡುವ ಮೊದಲ ಕೆಲಸ ಮಾಪು ತರುವುದು. ಅದು ತಪ್ಪು. ಮಾಪು ವಾಂತಿಯನ್ನು ಸಣ್ಣ ಜಾಗದಿಂದ ದೊಡ್ಡ ಜಾಗಕ್ಕೆ ಹರಡುತ್ತದೆ, ಆಮೇಲೆ ಅದೇ ಮಾಪು ನಡುಮನೆಗೂ ದೇವರಮನೆಗೂ ಹೋಗುತ್ತದೆ, ಫಿನಾಯಿಲ್ ವಾಸನೆ ಮಾತ್ರ ಘಮಘಮ. ವಾಂತಿಯ ಜೊತೆ ಕಣ್ಣಿಗೆ ಕಾಣದ ಹನಿಗಳು ಗಾಳಿಗೂ ಹಾರುತ್ತವೆ. ಹಾಗಾಗಿ ಮೊದಲು ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ, ಕಿಟಕಿ ತೆಗೆಯಿರಿ, ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ವಾಂತಿಯ ಮೇಲೆ ಹಳೇ ಪೇಪರ್ ಹಾಸಿ ಹೀರಲು ಬಿಡಿ. ಕೈಗೆ ಗ್ಲೌಸ್ ಅಥವಾ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಎತ್ತಿ, ಇನ್ನೊಂದು ಕವರಿನಲ್ಲಿ ಕಟ್ಟಿ ಹಾಕಿ. ಆ ಜಾಗವನ್ನು ಸೋಪಿನ ನೀರಿನಲ್ಲಿ ಒಮ್ಮೆ ತೊಳೆದು, ಆಮೇಲೆ ಬ್ಲೀಚ್.

ಇಲ್ಲಿ ಕೆಲಸಕ್ಕೆ ಬರುವುದು ಕ್ಲೋರಿನ್. ಕಿರಾಣಿ ಅಂಗಡಿಯ ಬ್ಲೀಚಿಂಗ್ ಪೌಡರ್ ಸಾಕು. 5 ಲೀಟರ್ ನೀರಿಗೆ ಸುಮಾರು 20 ಗ್ರಾಂ, ಅಂದರೆ ಮಟ್ಟ ಮಾಡಿದ ಎರಡು ದೊಡ್ಡ ಚಮಚ. 5% ಇರುವ ದ್ರವ ಬ್ಲೀಚ್ ಸಿಕ್ಕಿದರೆ ಅಷ್ಟೇ ನೀರಿಗೆ 100 ಮಿಲಿ. ಹಾಕಿ ಐದರಿಂದ ಹತ್ತು ನಿಮಿಷ ಒದ್ದೆಯಾಗಿಯೇ ಬಿಡಿ, ನಂತರ ಸಾದಾ ನೀರಿನಲ್ಲಿ ಒರೆಸಿ. ಸುರಿದ ತಕ್ಷಣ ಒರೆಸಿದರೆ ಸುಮ್ನೆ ವಾಸನೆ ಬಂದಷ್ಟೇ ಲಾಭ. ಮೊದಲು ಕೊಳೆ ತೆಗೆಯಿರಿ ಅಂದಿದ್ದಕ್ಕೂ ಕಾರಣ ಇದೆ, ಕೊಳೆ ಇದ್ದರೆ ಕ್ಲೋರಿನ್ ಅದರ ಮೇಲೇ ಖರ್ಚಾಗಿಹೋಗುತ್ತದೆ. ಬಾಯಿ ಬಿಚ್ಚಿ ವರ್ಷಗಟ್ಟಲೆ ಇಟ್ಟ ಪೌಡರಿನಲ್ಲಿ ಶಕ್ತಿ ಇರುವುದಿಲ್ಲ, ಹೊಸದು ತನ್ನಿ, ನೀರಿನಲ್ಲಿ ದಿನದಿನಕ್ಕೆ ಬೇಕಾದಷ್ಟೇ ಕಲಸಿ. ಮತ್ತೆ, ದಯವಿಟ್ಟು, ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಇದನ್ನು ಸೇರಿಸಬೇಡಿ. ಡಬಲ್ ಕೆಲಸ ಮಾಡಲಿ ಅಂತ ಸೇರಿಸುವವರಿದ್ದಾರೆ. ಹುಟ್ಟುವುದು ಕ್ಲೋರಿನ್ ಅನಿಲ, ಬಾಗಿಲು ಹಾಕಿದ ಸಣ್ಣ ಬಚ್ಚಲುಮನೆಯಲ್ಲಿ ಅದು ಶ್ವಾಸಕೋಶ ಸುಟ್ಟುಬಿಡುತ್ತದೆ. ಬ್ಲೀಚ್ ನೀರಿನಲ್ಲಿ ಕೈ ತೊಳೆಯುವುದೂ ಬೇಡ, ಅದು ನೆಲಕ್ಕೆ, ಟಾಯ್ಲೆಟ್ಟಿಗೆ.

ಹಾಗಂತ ಇಡೀ ಮನೆಗೆ ಬ್ಲೀಚ್ ಹೊಡೆಯಬೇಡಿ. ಟಾಯ್ಲೆಟ್ ಸೀಟು, ಫ್ಲಶ್ ಬಟನ್, ನಲ್ಲಿ, ಬಚ್ಚಲಿನ ಚಿಲಕ, ಅಲ್ಲಿಯ ಲೈಟ್ ಸ್ವಿಚ್, ಫ್ರಿಜ್ಜಿನ ಹಿಡಿ, ಇಷ್ಟನ್ನು ಒರೆಸಿ. ಸ್ವಿಚ್ಚಿಗೆ ಮಾತ್ರ ನೀರು ಸುರಿಯದೆ ಹಿಂಡಿದ ಬಟ್ಟೆಯಲ್ಲಿ ಒರೆಸಿ. ಕಾಯಿಲೆ ಇರುವಾಗ ದಿನಕ್ಕೆರಡು ಸಲ ಇಷ್ಟು ಮಾಡಿದರೆ ಸಾಕು. ಮೊಬೈಲು ಒರೆಸುವುದನ್ನು ಮರೆಯಬೇಡಿ, ಟಾಯ್ಲೆಟ್ಟಿಗೆ ತೆಗೆದುಕೊಂಡು ಹೋಗುವುದನ್ನು ಬಿಟ್ಟರೆ ಇನ್ನೂ ಒಳ್ಳೆಯದು. ಇವನ್ನೆಲ್ಲ ಮುಟ್ಟಿದ ಕೈ ಮುಖಕ್ಕೂ ಹೋಗುತ್ತದಲ್ಲ. ಸಿಡ್ನಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳನ್ನು ವಿಡಿಯೋ ಮಾಡಿ ನೋಡಿದಾಗ ಅವರು ಗಂಟೆಗೆ ಸರಾಸರಿ 23 ಸಲ ಮುಖ ಮುಟ್ಟಿಕೊಂಡಿದ್ದರು. ಡಾಕ್ಟರ್ ಆಗುವವರೇ ಹಾಗೆ!

ಕೊರೊನಾ ಕಾಲದಲ್ಲಿ ತರಕಾರಿ, ಹಾಲಿನ ಪ್ಯಾಕೆಟ್ಟು, ಕೊನೆಗೆ ನೋಟನ್ನೂ ತೊಳೆದವರು ಈಗ ಕೇಳಬಹುದು, ಅದೆಲ್ಲ ವ್ಯರ್ಥವಾ ಅಂತ. 2020ರ ಮಾರ್ಚಿನಲ್ಲಿ ಲ್ಯಾಬ್ ಪರೀಕ್ಷೆಯೊಂದು ಪ್ಲಾಸ್ಟಿಕ್ ಮೇಲೆ ಕೊರೊನಾ ವೈರಸ್ ಮೂರು ದಿನದವರೆಗೂ ಉಳಿಯುತ್ತದೆ ಅಂದಾಗ ಎಲ್ಲರೂ ಹೆದರಿದ್ದು ಸಹಜ. ಮುಂದೆ 2021ರ ಏಪ್ರಿಲಿನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ವೈರಸ್ ಇರುವ ವಸ್ತುವನ್ನು ಒಮ್ಮೆ ಮುಟ್ಟಿದರೆ ಸೋಂಕು ಬರುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಅಂದಿತು. ಅದು ಮುಖ್ಯವಾಗಿ ಗಾಳಿಯಲ್ಲಿ ಬರುವ ಕಾಯಿಲೆ. ಫ್ಲೂ ಬಂದಾಗಲೂ ಕಿಟಕಿ ತೆಗೆಯುವುದು, ಮಾಸ್ಕ್ ಹಾಕುವುದು ಚಿಲಕ ಒರೆಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಅಲ್ಲಿ ಸ್ಯಾನಿಟೈಸರ್ ಕೂಡ ಒಳ್ಳೆಯದೇ, ಬಸ್ಸಿನಲ್ಲೋ ಆಸ್ಪತ್ರೆಯಲ್ಲೋ ನೀರು ಸಿಗದಿದ್ದಾಗ. ಆಲ್ಕೋಹಾಲ್ ಕನಿಷ್ಠ 60% ಇರಬೇಕು, ಲೇಬಲ್ ಓದಿ. ಮಣ್ಣೋ ಎಣ್ಣೆಯೋ ಮೆತ್ತಿದ ಕೈಗೆ ಅದು ಆಗುವುದಿಲ್ಲ.

ನಿಮ್ಮ ಮಗನಿಗೆ ಬಂದಿದ್ದು ನೋರೋನೋ ರೋಟಾನೋ ಅಂತ ಕೈ ತೊಳೆಯುವುದಕ್ಕಾಗಿ ಪರೀಕ್ಷೆ ಮಾಡಿಸುತ್ತಾ ಕೂರಬೇಕಿಲ್ಲ, ಎರಡಕ್ಕೂ ಮನೆಯಲ್ಲಿ ಮಾಡುವುದು ಇದೇ. ಮನೆಯಲ್ಲಿ ಕೈಗೂಸು ಇದ್ದರೆ ರೋಟಾಗೆ ಲಸಿಕೆ ಇದೆ ಅನ್ನುವುದು ನೆನಪಿರಲಿ. ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲೇ 6, 10, 14ನೇ ವಾರಕ್ಕೆ ಬಾಯಿಗೆ ಹಾಕುತ್ತಾರೆ, ಪುಕ್ಕಟೆ. ನೋರೋಗೆ ಹಾಗೆ ಹಾಕಿಸುವ ಲಸಿಕೆ ಇಲ್ಲ. ಕಾಯಿಲೆ ಇರುವಾಗ ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಮಗು ಮೂತ್ರ ಮಾಡುವುದು ಕಡಿಮೆಯಾದರೆ, ಕಣ್ಣು ಗುಳಿಬಿದ್ದರೆ, ಮಂಕಾಗಿ ಮಲಗಿದರೆ, ಮಲದಲ್ಲಿ ರಕ್ತ ಕಂಡರೆ ಕಾಯಬೇಡಿ, ಡಾಕ್ಟರ್ ಹತ್ತಿರ ಓಡಿ.

ಸ್ಕೂಲಿಗೆ ಯಾವಾಗ ಕಳಿಸಬಹುದು? ಕೊನೆಯ ವಾಂತಿ ಅಥವಾ ಭೇದಿ ಆಗಿ 48 ಗಂಟೆ ಕಳೆದ ಮೇಲೆ. ಮಗ ಆರಾಮಾಗಿ ಆಡುತ್ತಿದ್ದರೂ ಅವನ ಮಲದಲ್ಲಿ ವೈರಸ್ ಎರಡು ವಾರ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ಬರುತ್ತಿರುತ್ತದೆ. ಅಷ್ಟು ದಿನ ಅವನು ಟಾಯ್ಲೆಟ್ಟಿಗೆ ಹೋಗಿ ಬಂದಾಗ ದೊಡ್ಡವರೊಬ್ಬರು ಜೊತೆಗೆ ನಿಂತು ಸೋಪು ಹಾಕಿಸಿ ಕೈ ತೊಳೆಸಿ.